ರಿವಾಲ್ವರಿನ ಮುಂದಿನ ದಿನಗಳು

ನ್ಯೂಯಾರ್ಕ್ ನಗರದ ಪೋಲೀಸು ಇಲಾಖೆಯು ೧೯೯೩ನೆಯ ಇಸವಿಯಿಂದ ತನ್ನ ಸಿಬ್ಬಂದಿಯವರಿಗೆ ಸೆಮಿ-ಆಟೊಮ್ಯಾಟಿಕ್ ಪಿಸ್ತೂಲನ್ನು ಧರಿಸಲು ಅನುಮತಿ ಕೊಟ್ಟಿತು. ಆದರೂ ಹಳೆಯ ರಿವಾಲ್ವರಿಗೆ ಕೈ ಒಗ್ಗಿಹೋಗಿದ್ದ ಹಿರಿಯ ನೌಕರರು ಅದನ್ನೇ ಇಟ್ಟುಕೊಂಡಿರಲು ಅಡ್ಡಿಯಿರಲಿಲ್ಲ. ಇಪ್ಪತ್ತೈದು ವರ್ಷಗಳ ತರುವಾಯ, ೨೦೧೮ರ ಆಗಸ್ಟ್ ತಿಂಗಳ ಕೊನೆಗೆ, ಆ ರಿಯಾಯಿತಿಯೂ ರದ್ದಾಯಿತು. ಉಳಿದಿದ್ದ ಕೆಲವರು ಸಹ ರಿವಾಲ್ವರನ್ನು ಸೊಂಟದಿಂದ ಕಳಚಿಟ್ಟು ಪಿಸ್ತೂಲನ್ನು ಕಟ್ಟಿಕೊಂಡರು. ಇದನ್ನು ಕಂಡು ರಿವಾಲ್ವರಿನ ಆಯುಷ್ಯವು ತೀರಿತೆಂದು ಹೇಳಿದವರು ಅನೇಕರು.

ಆದರೆ ಲೆಕ್ಕವು ಬೇರೆಯಾಗಿಯೇ ಇದೆ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ೨೦೨೦ರಲ್ಲಿ ಸುಮಾರು ೫೫ ಲಕ್ಷ ಪಿಸ್ತೂಲುಗಳು ತಯಾರಾದುವು. ಅದೇ ವರ್ಷ ರಿವಾಲ್ವರುಗಳೂ ಸುಮಾರು ೧೦ ಲಕ್ಷದಷ್ಟು ತಯಾರಾದುವು. ಐದಕ್ಕೆ ಒಂದು ಎಂಬುದು ಸೋಲೆಂಬುದರಲ್ಲಿ ಸಂಶಯವಿಲ್ಲ. ಆದರೆ ಸಾವಂತೂ ಅಲ್ಲ. ಮಿಕ್ಸಿ ಬಂದ ಮೇಲೆಯೂ ಒರಳುಕಲ್ಲನ್ನು ಇಟ್ಟುಕೊಂಡಿರುವ ಮನೆಗಳುಂಟು. ಹಾಗೆಂದು ಒರಳುಕಲ್ಲನ್ನು ಕಡೆಯುವುದಕ್ಕೆ ಹೊಸ ಕಾರ್ಖಾನೆಗಳೇನೂ ಏಳುತ್ತಿಲ್ಲ. ರಿವಾಲ್ವರಿನ ವಿಷಯದಲ್ಲಿಯಾದರೋ ಹೊಸ ಮಾದರಿಗಳು ವರ್ಷವರ್ಷವೂ ಹೊರಡುತ್ತಲಿವೆ. ನಮ್ಮ ಕಾನ್ಪುರದಲ್ಲಿಯೇ ೨೦೨೩ರಲ್ಲಿ ಒಂದು ಹೊರಟಿತು. ಸೋತುಹೋದ ಯಂತ್ರವನ್ನು ಲಕ್ಷಗಟ್ಟಲೆ ಮಾಡುವವರೂ ಕೊಳ್ಳುವವರೂ ಇರುವರೆಂದ ಮೇಲೆ, ಅದರಲ್ಲಿ ವಿಚಾರಿಸತಕ್ಕ ಸಂಗತಿಯೇನೋ ಇರಲೇಬೇಕಷ್ಟೆ.

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಆಯುಧದ ಮಾತೇಕೆಂದು ವಾಚಕರು ಕೇಳಬಹುದು. ಸಿಪಾಯಿಗೂ ಪೋಲೀಸಿನವನಿಗೂ ಆಯುಧವನ್ನು ಆರಿಸಿಕೊಡುವವರು ಮೇಲಧಿಕಾರಿಗಳು. ತಾನಾಗಿ ಆರಿಸಿಕೊಳ್ಳುವವನು ಲೈಸೆನ್ಸು ಪಡೆದ ಗೃಹಸ್ಥನೊಬ್ಬನೇ: ಊರಿಂದ ದೂರದ ತೋಟದ ಮನೆಯಲ್ಲಿ ವಾಸಿಸುವವನು, ನಗದನ್ನು ಹೊತ್ತು ತಿರುಗಬೇಕಾದ ವರ್ತಕನು, ಇಂತಹವರು. ಸಿಪಾಯಿಯ ಕೈಬಿಟ್ಟ ರಿವಾಲ್ವರು ಇನ್ನು ಮುಂದೆ ಎಲ್ಲಿಯಾದರೂ ಉಳಿಯುವುದಾದರೆ ಈ ಗೃಹಸ್ಥನ ಮನೆಯಲ್ಲಿಯೇ ಉಳಿಯತಕ್ಕದ್ದು. ಆದಕಾರಣ ಈ ಪ್ರಶ್ನೆಯು ಆಯುಧದ ಅಂಗಡಿಯದಕ್ಕಿಂತ ಹೆಚ್ಚಾಗಿ ಮನೆಯದೇ ಆಗಿದೆಯೆಂದು ನಾವು ಭಾವಿಸುತ್ತೇವೆ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳುವುದು ಒಳ್ಳೆಯದು. ನಮ್ಮಲ್ಲಿ ಕೈಯಲ್ಲಿ ಹಿಡಿಯುವ ಸಣ್ಣ ಕೋವಿಯನ್ನೆಲ್ಲ ಒಂದೇ ಉಸಿರಿನಲ್ಲಿ ಪಿಸ್ತೂಲೆಂದೂ ರಿವಾಲ್ವರೆಂದೂ ಕರೆಯುವ ರೂಢಿಯುಂಟು. ವೃತ್ತಪತ್ರಿಕೆಗಳೂ ಇದಕ್ಕೆ ಹೊರತಲ್ಲ. ಚಂದ್ರಶೇಖರ ಆಜಾದರ ಕೈಯಲ್ಲಿದ್ದು ಈಗ ಅಲಹಾಬಾದಿನ ವಸ್ತುಸಂಗ್ರಹಾಲಯದಲ್ಲಿರುವ ಕೋಲ್ಟ್ ಆಯುಧವು ಪಿಸ್ತೂಲು. ೧೯೪೦ರಲ್ಲಿ ಲಂಡನ್ನಿನ ಕ್ಯಾಕ್ಸ್‌ಟನ್ ಹಾಲಿನಲ್ಲಿ ಉಧಮ ಸಿಂಗರು ಹಿಡಿದಿದ್ದುದು ರಿವಾಲ್ವರು. ೧೯೪೮ರ ಜನವರಿಯಲ್ಲಿ ಮಹಾತ್ಮರ ಎದೆಗೆ ಗುರಿಯಿಟ್ಟ ಆ ದುರ್ದೈವದ ಬೆರೆಟ್ಟಾ, ಪಿಸ್ತೂಲು.

ರಿವಾಲ್ವರಿನಲ್ಲಿ ನಳಿಗೆಯ ಹಿಂದೆ ಒಂದು ದಪ್ಪ ಉರುಳೆಯಿರುವುದು. ಅದರಲ್ಲಿ ಐದೋ ಆರೋ ಗೂಡುಗಳು. ಒಂದೊಂದು ಗೂಡಿಗೆ ಒಂದೊಂದು ತೋಟಾ. ಬೆರಳಿನಿಂದ ಕುದುರೆಯನ್ನು ಎಳೆದಾಗ ಉರುಳೆಯು ಒಂದು ಗೂಡಿನಷ್ಟು ತಿರುಗಿ, ಹಿಂದಿನ ಸುತ್ತಿಗೆಯು ಮೇಲೆದ್ದು ಬೀಳುವುದು, ಗುಂಡು ಹಾರುವುದು. ಈ ಕೆಲಸವೆಲ್ಲಕ್ಕೂ ಬಲವನ್ನು ಕೊಡುವುದು ನಮ್ಮ ಬೆರಳೇ. ಪಿಸ್ತೂಲಿನಲ್ಲಿಯಾದರೆ ತೋಟಾಗಳು ಹಿಡಿಯೊಳಗಣ ಮ್ಯಾಗಜೀನು ಎಂಬ ಡಬ್ಬಿಯಲ್ಲಿ ಒಂದರ ಮೇಲೊಂದು ಕುಳಿತು ಕೆಳಗಿನ ಸ್ಪ್ರಿಂಗಿನಿಂದ ಮೇಲಕ್ಕೆ ನೂಕಲ್ಪಡುತ್ತಿರುವುವು. ಒಂದು ಗುಂಡು ಹಾರಿದಾಗ ಹುಟ್ಟುವ ಒದೆತವೇ ಮೇಲಿನ ಜಾರುವ ಹೊದಿಕೆಯನ್ನು ಹಿಂದಕ್ಕೆ ತಳ್ಳಿ, ಖಾಲಿ ತೋಟಾವನ್ನು ಹೊರಕ್ಕೆಸೆದು, ಮುಂದಿನದನ್ನು ನಳಿಗೆಗೆ ತಂದುಕೊಡುವುದು. ಎಂದರೆ ಪಿಸ್ತೂಲು ತನ್ನ ಕೆಲಸವನ್ನು ತಾನು ಸಿಡಿಸಿದ ಗುಂಡಿನ ಬಲದಿಂದ ಮಾಡಿಕೊಳ್ಳುತ್ತದೆ. ಇವುಗಳ ಗುಣವೂ ದೋಷವೂ ಬಹುಮಟ್ಟಿಗೆ ಈ ಒಂದು ಭೇದದಿಂದಲೇ ಹುಟ್ಟುವಂತಹವು.

ರಿವಾಲ್ವರಿನ ಜನ್ಮಕಥೆಯಲ್ಲಿ ನಮ್ಮ ದೇಶದ ಹೆಸರೂ ಸೇರಿಕೊಂಡಿರುವುದು ಒಂದು ವಿನೋದವೇ ಸರಿ. ೧೮೩೦ರಲ್ಲಿ ಸ್ಯಾಮ್ಯುಅಲ್ ಕೋಲ್ಟ್ ಎಂಬ ಹದಿನಾರು ವರ್ಷದ ಹುಡುಗನು ಬಾಸ್ಟನ್ನಿನಿಂದ ಕಲ್ಕತ್ತೆಗೆ ಹೊರಟ ಕಾರ್ವೋ ಎಂಬ ಹಡಗಿನಲ್ಲಿ ನಾವಿಕನಾಗಿ ಸೇರಿದನು. ಹಡಗಿನ ಚಕ್ರವು ತಿರುಗಿ ನಿಲ್ಲುವ ಬಗೆಯನ್ನು ನೋಡಿ, ಚೂರಿಯಿಂದ ಮರವನ್ನು ಕೆತ್ತಿ, ತಿರುಗುವ ಉರುಳೆಯ ಮಾದರಿಯನ್ನು ಮಾಡಿದನೆಂದು ಹೇಳುವರು. ೧೮೩೬ರಲ್ಲಿ ಅವನಿಗೆ ಅಮೆರಿಕಾದ ಪೇಟೆಂಟು ದೊರೆಯಿತು. ಪ್ಯಾಟರ್ಸನ್ನಿನಲ್ಲಿ ತೆರೆದ ಮೊದಲ ಕಾರ್ಖಾನೆಯು ಆರೇ ವರ್ಷಗಳಲ್ಲಿ ದಿವಾಳಿಯಾಯಿತು. ೧೮೪೭ರಲ್ಲಿ ಮೆಕ್ಸಿಕೋ ಯುದ್ಧದ ಕಾಲಕ್ಕೆ ಸರ್ಕಾರದ ಬೇಡಿಕೆ ಬಾರದೆ ಇದ್ದಿದ್ದರೆ ಕೋಲ್ಟನ ಹೆಸರನ್ನು ಇಂದು ಕೇಳುವವರೇ ಇರುತ್ತಿರಲಿಲ್ಲವೋ ಏನೋ. ೧೮೫೭ರಲ್ಲಿ ಸ್ಮಿತ್ ಮತ್ತು ವೆಸನ್ ಎಂಬಿಬ್ಬರು, ಲೋಹದ ತೋಟಾವನ್ನು ಹಿಂದಿನಿಂದ ತುಂಬುವ ರಿವಾಲ್ವರನ್ನು ಹೊರತಂದರು. ಅವರ ಕಾರ್ಖಾನೆಯಲ್ಲಿಯೇ ೧೮೯೯ರಲ್ಲಿ ತೊಡಗಿದ ‘ಮಿಲಿಟರಿ ಅಂಡ್ ಪೋಲೀಸ್’ ಎಂಬ ಮಾದರಿಯು ಅರುವತ್ತು ಲಕ್ಷಕ್ಕೂ ಮೇಲ್ಪಟ್ಟು ತಯಾರಾಗಿ ಇಂದಿಗೂ ನಿಲ್ಲದೆ ನಡೆದಿದೆ.

ಪಿಸ್ತೂಲೇನೂ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಜರ್ಮನಿಯ ಮೌಸರ್ ಪಿಸ್ತೂಲು ೧೮೯೬ರದು. ಜಾನ್ ಬ್ರೌನಿಂಗನ ಹೆಸರಾಂತ .೪೫ ಪಿಸ್ತೂಲನ್ನು ಅಮೆರಿಕಾದ ಸೈನ್ಯವು ೧೯೧೧ರಲ್ಲಿಯೇ ಸ್ವೀಕರಿಸಿತು. ಹಾಗಿದ್ದರೂ ಆ ದೇಶದ ಪೋಲೀಸರು ಮತ್ತೆ ಎಪ್ಪತ್ತು ವರ್ಷಗಳವರೆಗೆ ರಿವಾಲ್ವರನ್ನೇ ಹಿಡಿದುಕೊಂಡಿದ್ದರು. ಇದು ಮೂಢತನವೆಂದು ನಮಗೆ ತೋರುವುದಿಲ್ಲ. ಪೋಲೀಸಿನವನು ಆಯುಧವನ್ನು ಹೊರುವುದು ದಿನವೂ. ಹಾರಿಸುವುದು ಬಹುಶಃ ಇಡೀ ನೌಕರಿಯಲ್ಲಿ ಒಂದು ಸಲವೂ ಇಲ್ಲ. ಅಂಥವನಿಗೆ ಕಲಿಸಲು ಸುಲಭವಾದ, ಬಹುಕಾಲ ಸುಮ್ಮನಿದ್ದರೂ ಕೆಲಸಕ್ಕೆ ಬರುವ, ಕುದುರೆಯು ತಕ್ಕಷ್ಟು ಗಡುಸಾಗಿರುವ ಆಯುಧವೇ ಹಿತವಾದುದು.

ಈ ಲೆಕ್ಕಾಚಾರವನ್ನು ಕದಲಿಸಿದವು ಎರಡು ದುರಂತಗಳು. ೧೯೭೦ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯೂಹಾಲ್ ಎಂಬಲ್ಲಿ ನಾಲ್ವರು ಹೆದ್ದಾರಿ ಪೋಲೀಸರು ಕೆಲವೇ ನಿಮಿಷಗಳಲ್ಲಿ ಹತರಾದರು. ಅವರಲ್ಲೊಬ್ಬನು ತನ್ನ ರಿವಾಲ್ವರಿಗೆ ಒಂದೊಂದಾಗಿ ತೋಟಾಗಳನ್ನು ತುಂಬುತ್ತಿದ್ದಾಗಲೇ ಗುಂಡಿಗೆ ಬಲಿಯಾದನು. ೧೯೮೬ರ ಏಪ್ರಿಲ್ ೧೧ರಂದು ಮಯಾಮಿಯಲ್ಲಿ ಇಬ್ಬರು ದರೋಡೆಕೋರರನ್ನು ಹಿಡಿಯಲು ಹೋದ ಎಫ್.ಬಿ.ಐ. ಇಲಾಖೆಯವರಲ್ಲಿ ಇಬ್ಬರು ಸತ್ತು ಐವರು ಗಾಯಗೊಂಡರು. ಅಲ್ಲಿಯೂ ಒಬ್ಬನು ರಿವಾಲ್ವರನ್ನು ತುಂಬುತ್ತಿರುವಾಗ ಕೈಗೆ ಪೆಟ್ಟು ಬಿದ್ದಿತು. ನಿಜ ನೋಡಿದರೆ ಆ ದಿನದ ಹಾನಿಗೆ ಹೆಚ್ಚಾಗಿ ಕಾರಣವಾದುದು ದರೋಡೆಕೋರನ ಕೈಯ ರೈಫಲು. ಇಲಾಖೆಯ ಕೆಲವರ ಬಳಿ ಪಿಸ್ತೂಲುಗಳೂ ಇದ್ದುವು. ಒಂದು ತೋಳು ಮುರಿದಿದ್ದ ಅಧಿಕಾರಿಯೊಬ್ಬನು ಕಡೆಗೆ ಕಾಳಗವನ್ನು ಮುಗಿಸಿದ್ದು ಒಂದು ರಿವಾಲ್ವರಿನಿಂದಲೇ. ಆದರೆ ಜನರ ನೆನಪಿನಲ್ಲಿ ನಿಂತದ್ದು ಖಾಲಿಯಾದ ಉರುಳೆ ಮತ್ತು ನಡುಗುವ ಬೆರಳು. ಅದನ್ನು ತಪ್ಪೆಂದು ಹೇಳುವುದೂ ಕಷ್ಟ.

ಅಷ್ಟರಲ್ಲಿ ಆಸ್ಟ್ರಿಯಾದಲ್ಲಿ ಗ್ಯಾಸ್ಟನ್ ಗ್ಲಾಕ್ ಎಂಬವನು, ಪರದೆಯ ಸರಳುಗಳನ್ನೂ ಚೂರಿಗಳನ್ನೂ ಮಾಡುತ್ತಿದ್ದವನು, ಹಿಂದೆಂದೂ ಕೋವಿಯನ್ನು ಮಾಡದವನು, ಪ್ಲಾಸ್ಟಿಕ್ಕಿನ ಒಡಲಿನ ಪಿಸ್ತೂಲೊಂದನ್ನು ರಚಿಸಿದ್ದನು. ಆ ದೇಶದ ಸೈನ್ಯವು ಅದನ್ನು ೧೯೮೨ರಲ್ಲಿ ಆರಿಸಿಕೊಂಡಿತು. ಮ್ಯಾಗಜೀನಿಗೆ ಹದಿನೇಳು ತೋಟಾಗಳು. ಖಾಲಿಯಾದೊಡನೆ ಅದನ್ನು ಕೆಳಗೆ ಬೀಳಿಸಿ ಇನ್ನೊಂದನ್ನು ತುರುಕಿದರೆ ಮತ್ತೆ ಹದಿನೇಳು. ಹಗುರ, ಅಗ್ಗ, ತುಕ್ಕಿನ ಭಯವೂ ಕಡಮೆ. ಆರು ಗುಂಡುಗಳ ಉಕ್ಕಿನ ರಿವಾಲ್ವರು ಇದರೆದುರಿಗೆ ನಿಲ್ಲುವುದೆಂತು?

ರಿವಾಲ್ವರಿಗೆ ಬಿದ್ದ ಪೆಟ್ಟು ಗುಂಡುಗಳ ಎಣಿಕೆಯಿಂದ ಮಾತ್ರವೇ ಬಂದುದಲ್ಲ. ಕೈಗೆಲಸದ ಕೂಲಿಯಿಂದಲೂ ಬಂದಿತು. ಉರುಳೆಯ ಪ್ರತಿಯೊಂದು ಗೂಡೂ ಸುತ್ತಿಗೆ ಬೀಳುವ ಕ್ಷಣಕ್ಕೆ ನಳಿಗೆಯ ನೇರಕ್ಕೆ ಕೂದಲೆಳೆಯಷ್ಟೂ ತಪ್ಪದೆ ಬಂದು ನಿಲ್ಲಬೇಕು. ತಪ್ಪಿದರೆ ಸೀಸದ ಚೂರು ಪಕ್ಕಕ್ಕೆ ಸಿಡಿಯುವುದು. ಈ ಹೊಂದಿಕೆಯನ್ನು ಹಿಂದಿನ ಕಾಲದಲ್ಲಿ ನುರಿತ ಕೆಲಸಗಾರನು ಅರ ಹಿಡಿದು ಕುಳಿತು ಒಂದೊಂದಾಗಿ ತಿದ್ದುತ್ತಿದ್ದನು. ಕೋಲ್ಟ್ ಕಂಪನಿಯು ೧೯೫೫ರಲ್ಲಿ ಹೊರತಂದ ‘ಪೈಥಾನ್’ ಎಂಬ ರಿವಾಲ್ವರು ಇಂತಹ ಕೈಗೆಲಸಕ್ಕೆ ಹೆಸರಾಗಿದ್ದಿತು. ಕೂಲಿ ಏರುತ್ತ, ನುರಿತವರು ಕಡಮೆಯಾಗುತ್ತ ಹೋದಂತೆ ಅದನ್ನು ಮಾಡುವುದು ನಷ್ಟದ ಬಾಬಾಗಿ, ಈ ಶತಮಾನದ ಮೊದಲ ವರ್ಷಗಳಲ್ಲಿ ನಿಂತೇಹೋಯಿತು. ೨೦೧೫ರಲ್ಲಿ ಕಂಪನಿಯೇ ದಿವಾಳಿಯ ಅರ್ಜಿ ಹಾಕಿಕೊಂಡಿತು. ಅಚ್ಚಿನಲ್ಲಿ ಪ್ಲಾಸ್ಟಿಕ್ಕನ್ನು ಎರೆದು ಬಕೆಟ್ಟನ್ನು ಮಾಡುವಂತೆ ಒಡಲನ್ನು ಮಾಡುವವರೊಡನೆ ಅರ ಹಿಡಿದವನು ಸ್ಪರ್ಧಿಸಲಾರನು.

ಇಲ್ಲಿಂದ ಮುಂದಿನ ತಿರುವು ನಮಗೆ ಬಹು ಸ್ವಾರಸ್ಯವಾಗಿ ಕಂಡಿತು. ಯಾವ ಯಂತ್ರವಿದ್ಯೆಯು ರಿವಾಲ್ವರನ್ನು ಸೋಲಿಸಿತೋ ಅದೇ ಅದನ್ನು ಎತ್ತಿ ನಿಲ್ಲಿಸಿತು. ಗಣಕದಿಂದ ನಡೆಯುವ ಕಡೆಯುವ ಯಂತ್ರಗಳು ಈಗ ಉಕ್ಕನ್ನು ಎಷ್ಟು ಕರಾರುವಾಕ್ಕಾಗಿ ಕೊರೆಯಬಲ್ಲವೆಂದರೆ, ಅರದ ಕೆಲಸವು ಬಹುಪಾಲು ಬೇಕಾಗಿಯೇ ಇಲ್ಲ. ಕೋಲ್ಟ್ ಕಂಪನಿಯು ೨೦೧೭ರಲ್ಲಿ ‘ಕೋಬ್ರಾ’ವನ್ನೂ, ೨೦೨೦ರಲ್ಲಿ ಭಾಗಗಳನ್ನು ಕಡಮೆ ಮಾಡಿ ಹೊಸದಾಗಿ ರಚಿಸಿದ ಪೈಥಾನನ್ನೂ ಮತ್ತೆ ಮಾರುಕಟ್ಟೆಗೆ ತಂದಿತು. ಪೈಥಾನಿನ ಬೆಲೆ ಸುಮಾರು ಒಂದೂವರೆ ಸಾವಿರ ಡಾಲರು. ಒಳ್ಳೆಯ ಪ್ಲಾಸ್ಟಿಕ್ ಪಿಸ್ತೂಲುಗಳೆರಡನ್ನು ಅದರಲ್ಲಿ ಕೊಳ್ಳಬಹುದು. ಆದರೂ ಗಿರಾಕಿಗಳಿಗೆ ಕೊರತೆಯಾಗಲಿಲ್ಲ. ಅದುವರೆಗೆ ಪಿಸ್ತೂಲುಗಳಿಂದಲೇ ಬೆಳೆದಿದ್ದ ಕಿಂಬರ್ ಕಂಪನಿಯು ೨೦೧೬ರಲ್ಲಿಯೂ, ರೈಫಲುಗಳಿಗೆ ಹೆಸರಾದ ಹೆನ್ರಿ ಕಂಪನಿಯು ೨೦೨೩ರಲ್ಲಿಯೂ ರಿವಾಲ್ವರಿಗೆ ಕೈಯಿಟ್ಟವು. ಲಾಭವಿಲ್ಲದ ಕಡೆಗೆ ವ್ಯಾಪಾರಿಗಳು ಹೀಗೆ ಹೊರಳುವುದಿಲ್ಲ.

ಹಾಗಾದರೆ ಕೊಳ್ಳುವವರಾರು? ಚಂದವನ್ನು ಮೆಚ್ಚಿ ಕೊಳ್ಳುವವರು ಕೆಲವರು. ಅಲಾಸ್ಕಾದಂತಹ ಕರಡಿಯ ಕಾಡುಗಳಲ್ಲಿ ಸಂಚರಿಸುವವರು ಕೆಲವರು. .೪೪ ಮ್ಯಾಗ್ನಮ್‌ನಂತಹ ಉದ್ದನೆಯ, ಅತಿ ಬಲದ ತೋಟಾವನ್ನು ಪಿಸ್ತೂಲಿನ ಹಿಡಿಯೊಳಗೆ ಅಡಗಿಸುವುದು ಕಷ್ಟವಾದ್ದರಿಂದ ಆ ಕ್ಷೇತ್ರವು ಬಹುಮಟ್ಟಿಗೆ ರಿವಾಲ್ವರಿನದಾಗಿಯೇ ಉಳಿದಿದೆ. ಮಿಕ್ಕವರು ಆತ್ಮರಕ್ಷಣೆಗೆಂದು ಐದು ಗುಂಡಿನ ಚಿಕ್ಕ ರಿವಾಲ್ವರನ್ನು ಜೇಬಿನಲ್ಲಿಯೋ ಮಂಚದ ಬದಿಯ ಖಾನೆಯಲ್ಲಿಯೋ ಇಟ್ಟುಕೊಳ್ಳುವವರು. ಇವರನ್ನು ಕುರಿತು ಸ್ವಲ್ಪ ವಿವರವಾಗಿ ಹೇಳಬೇಕು.

ಚಿಕ್ಕ ರಿವಾಲ್ವರಿನ ಪರವಾಗಿ ಹೇಳುವ ಮಾತುಗಳಲ್ಲಿ ಕೆಲವು ನಿಜ. ಒಂದು ತೋಟಾ ಸಿಡಿಯದಿದ್ದರೆ ಕುದುರೆಯನ್ನು ಮತ್ತೊಮ್ಮೆ ಎಳೆದರಾಯಿತು, ಮುಂದಿನದು ಬರುವುದು. ಪಿಸ್ತೂಲಿನಲ್ಲಾದರೆ ಎರಡು ಕೈಗಳಿಂದ ಹೊದಿಕೆಯನ್ನು ಎಳೆದು ಕೆಟ್ಟ ತೋಟಾವನ್ನು ಕಳೆಯಬೇಕು. ಮಣಿಕಟ್ಟು ಸಡಿಲವಾಗಿದ್ದರೆ ಪಿಸ್ತೂಲು ಸಿಕ್ಕಿಕೊಳ್ಳುವುದುಂಟು, ರಿವಾಲ್ವರಿಗೆ ಆ ಗೊಡವೆಯಿಲ್ಲ. ಆದರೆ ‘ರಿವಾಲ್ವರು ಕೆಡುವುದೇ ಇಲ್ಲ’ ಎಂಬುದು ಅಂಗಡಿಯವರ ಮಾತು. ಸುಡದೆ ಉಳಿದ ಮದ್ದಿನ ಕಣಗಳು ಉರುಳೆಯ ಹಿಂದೆ ಸೇರಿಕೊಂಡರೆ, ಇಲ್ಲವೆ ತೀರ ಹಗುರವಾದ ಮಾದರಿಯಲ್ಲಿ ಒದೆತದಿಂದ ತೋಟಾದ ಗುಂಡು ಮುಂದಕ್ಕೆ ಸರಿದುಬಂದರೆ, ಉರುಳೆಯು ತಿರುಗದೆ ನಿಂತುಬಿಡುವುದು. ಆಗ ಅದನ್ನು ಸರಿಪಡಿಸುವುದು ಆ ಹೊತ್ತಿನಲ್ಲಿ ಆಗುವ ಕೆಲಸವಲ್ಲ.

ಇನ್ನೊಂದು ಮಾತು, ‘ಹೆಂಗಸರಿಗೂ ಮುದುಕರಿಗೂ ಹೊಸಬರಿಗೂ ಇದೇ ಸುಲಭ’ ಎಂಬುದು. ಇದನ್ನು ನಾವು ಒಪ್ಪಲಾರೆವು. ಪಿಸ್ತೂಲಿನ ಹೊದಿಕೆಯನ್ನು ಹಿಂದಕ್ಕೆಳೆಯಲು ಕೈಬಲ ಬೇಕೆಂಬುದು ನಿಜವೇ. ಆದರೆ ರಿವಾಲ್ವರಿನ ಕುದುರೆಯನ್ನು ಪೂರ್ತಿ ಎಳೆಯಲು ಬೆರಳು ಸುಮಾರು ಐದು ಕಿಲೋಗ್ರಾಮಿನ ಬಲವನ್ನು ಹಾಕಬೇಕು, ಗ್ಲಾಕಿನಂತಹ ಪಿಸ್ತೂಲಿಗೆ ಅದರ ಅರ್ಧ ಸಾಕು. ಅರ್ಧ ಕಿಲೋಗ್ರಾಮು ತೂಗದ ವಸ್ತುವನ್ನು ಐದು ಕಿಲೋಗ್ರಾಮಿನ ಬಲದಿಂದ ಎಳೆಯುವಾಗ ಗುರಿಯು ಕದಲದಿರುವುದು ಅಭ್ಯಾಸಬಲದಿಂದ ಮಾತ್ರ ಸಾಧ್ಯ. ಚಿಕ್ಕ ರಿವಾಲ್ವರನ್ನು ಬಳಸುವ ವಿಧಾನವನ್ನು ಕಲಿಯುವುದು ಸುಲಭ, ಅದರಿಂದ ಗುರಿ ಹೊಡೆಯುವುದನ್ನು ಕಲಿಯುವುದು ಬಹು ಕಷ್ಟ. ಕೊಳ್ಳುವವರಿಗೆ ಈ ಎರಡನೆಯ ಸಂಗತಿಯನ್ನು ಯಾರೂ ಹೇಳುವುದಿಲ್ಲ.

ಮೇಲಾಗಿ ಈ ಜೇಬಿನ ಕ್ಷೇತ್ರಕ್ಕೂ ಪಿಸ್ತೂಲು ನುಗ್ಗಿಬಿಟ್ಟಿದೆ. ೨೦೧೮ರಲ್ಲಿ ಸಿಗ್ ಸಾವರ್ ಕಂಪನಿಯು ಅಂಗೈಯಷ್ಟರ ಪಿಸ್ತೂಲಿನಲ್ಲಿ ಹತ್ತು ತೋಟಾಗಳ ಮ್ಯಾಗಜೀನನ್ನು ಕೂರಿಸಿತು. ಅದೇ ವರ್ಷ ಸ್ಮಿತ್ ಅಂಡ್ ವೆಸನ್ ಕಂಪನಿಯೇ, ದುರ್ಬಲವಾದ ಕೈಗಳೂ ಸಲೀಸಾಗಿ ಎಳೆಯಬಹುದಾದ ಹೊದಿಕೆಯುಳ್ಳ ಪಿಸ್ತೂಲನ್ನು ಮಾಡಿ, ತನ್ನ ರಿವಾಲ್ವರಿನ ಗಿರಾಕಿಯನ್ನು ತಾನೇ ಕಿತ್ತುಕೊಂಡಿತು. ಅಮೆರಿಕಾದಲ್ಲಿ ರಿವಾಲ್ವರಿನ ಭೂಮಿ ಹೀಗೆ ವರ್ಷವರ್ಷವೂ ಕಿರಿದಾಗುತ್ತಿದೆ. ಅದು ಅಳಿಯದು, ಆದರೆ ಕೈಗಡಿಯಾರಗಳಲ್ಲಿ ಕೀಲಿ ಕೊಡುವ ಗಡಿಯಾರಕ್ಕೆ ಈಗ ಇರುವಂತಹ ಸ್ಥಾನಕ್ಕೆ, ಎಂದರೆ ಬಲ್ಲವರ ಮೆಚ್ಚಿಕೆಯ ವಸ್ತುವಿನ ಸ್ಥಾನಕ್ಕೆ, ಮೆಲ್ಲಗೆ ಸರಿಯುತ್ತಿರುವುದೆಂದು ನಮಗೆ ತೋರುತ್ತದೆ.

ನಮ್ಮ ದೇಶದ ಸ್ಥಿತಿಯೇ ಬೇರೆ. ೧೯೫೯ರ ಆಯುಧಗಳ ಶಾಸನದ ಪ್ರಕಾರ ಸೈನ್ಯದ ತೋಟಾಗಳನ್ನು ಹಾರಿಸಬಲ್ಲ ಆಯುಧಗಳು, ಲೋಕದಲ್ಲೆಲ್ಲ ಹರಡಿರುವ ೯ ಮಿಲಿಮೀಟರಿನ ಪಿಸ್ತೂಲು ಸಹ, ಸಾಮಾನ್ಯ ಲೈಸೆನ್ಸುದಾರನಿಗೆ ನಿಷಿದ್ಧ. ಅವನಿಗೆ ದೊರೆಯುವ ಕೈಕೋವಿಯು ಮುಖ್ಯವಾಗಿ .೩೨ ಬೋರಿನದು. ೨೦೧೯ರ ತಿದ್ದುಪಡಿಯ ತರುವಾಯ ಒಬ್ಬನು ಇಟ್ಟುಕೊಳ್ಳಬಹುದಾದ ಆಯುಧಗಳು ಮೂರರಿಂದ ಎರಡಕ್ಕೆ ಇಳಿದಿವೆ. ಕೊಳ್ಳಬಹುದಾದ ತೋಟಾಗಳಿಗೂ ಮಿತಿಯುಂಟು. ಗುರಿ ಹೊಡೆಯುವ ಅಭ್ಯಾಸಕ್ಕೆ ಮೈದಾನಗಳು ವಿರಳ. ಹದಿನೇಳು ಗುಂಡಿನ ಹೆಮ್ಮೆಗೆ ಇಲ್ಲಿ ಎಡೆಯೇ ಇಲ್ಲವೆಂದ ಮೇಲೆ, ಪಿಸ್ತೂಲು ಅಮೆರಿಕಾದಲ್ಲಿ ಪಡೆದ ಜಯವನ್ನು ಇಲ್ಲಿ ಅಷ್ಟು ಸುಲಭವಾಗಿ ಪಡೆಯಲಾರದು.

ಬಹುಕಾಲ ನಮ್ಮಲ್ಲಿ ಸರ್ಕಾರಿ ಕಾರ್ಖಾನೆಯ .೩೨ ರಿವಾಲ್ವರೆಂದರೆ ಇಂಗ್ಲೆಂಡಿನ ವೆಬ್ಲಿಯ ಮಾದರಿಯದು, ನಡುವೆ ಮಡಿಸಿ ತೋಟಾ ತುಂಬುವಂತಹುದು. ೨೦೧೪ರಲ್ಲಿ, ದೆಹಲಿಯ ಆ ಘೋರ ಕೃತ್ಯವು ಜನರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿದ್ದಾಗ, ಹೆಂಗಸರಿಗೆಂದು ‘ನಿರ್ಭೀಕ್’ ಎಂಬ ಹಗುರವಾದ ರಿವಾಲ್ವರನ್ನು ಕಾನ್ಪುರದಲ್ಲಿ ಮಾಡಿದರು. ತೂಕ ಸುಮಾರು ೫೦೦ ಗ್ರಾಮು. ಬೆಲೆ ಒಂದು ಲಕ್ಷ ಇಪ್ಪತ್ತೆರಡು ಸಾವಿರ ರೂಪಾಯಿಗೂ ಮೇಲು. ಬಸ್ಸಿಗಾಗಿ ಕಾದು ನಿಲ್ಲುವ ಹುಡುಗಿಯ ಭಯವನ್ನು ಇಷ್ಟು ಬೆಲೆಯ ಆಯುಧವು ಹೇಗೆ ಕಳೆದೀತೆಂದು ಆಗಲೇ ಹಲವರು ಕೇಳಿದರು. ಆ ಪ್ರಶ್ನೆ ನಮ್ಮದೂ ಹೌದು. ೨೦೨೩ರ ಆಗಸ್ಟಿನಲ್ಲಿ ಹೊರಬಂದ ‘ಪ್ರಬಲ್’ ಎಂಬುದರಲ್ಲಿ ಉರುಳೆಯು ಪಕ್ಕಕ್ಕೆ ತೆರೆದುಕೊಳ್ಳುವುದು. ಹೊರನಾಡುಗಳಲ್ಲಿ ನೂರು ವರ್ಷಕ್ಕೂ ಮಿಕ್ಕಿ ಬಳಕೆಯಲ್ಲಿರುವ ಈ ಏರ್ಪಾಡು ನಮ್ಮಲ್ಲಿ ಹೊಸದೆನಿಸಿಕೊಂಡಿತು. ಉತ್ತರಪ್ರದೇಶದಲ್ಲಿ ಲಖ್ನೋದ ಕಂಪನಿಯೊಂದರ ಜೊತೆಗೂಡಿ ವೆಬ್ಲಿಯ ಹೆಸರಿನ ರಿವಾಲ್ವರುಗಳೂ ಈಚೆಗೆ ತಯಾರಾಗತೊಡಗಿವೆ. .೩೨ ಬೋರಿನ ಪಿಸ್ತೂಲೂ ದೊರೆಯುತ್ತದೆಂಬುದನ್ನು ಮರೆಯಬಾರದು. ಆದರೆ ಬೋರು ಒಂದೇ ಎಂದು ಅದರ ತೋಟಾವನ್ನು ರಿವಾಲ್ವರಿಗೆ ತುಂಬಕೂಡದು. ರಿವಾಲ್ವರಿನ .೩೨ ತೋಟಾ ೧೮೯೬ರ ರಚನೆ, ಪಿಸ್ತೂಲಿನದು ಬ್ರೌನಿಂಗನು ೧೮೯೯ರಲ್ಲಿ ರಚಿಸಿದ ಬೇರೊಂದು.

ಹೀಗಾಗಿ ರಿವಾಲ್ವರಿಗೆ ಅಮೆರಿಕಾಕ್ಕಿಂತ ಭಾರತದಲ್ಲಿಯೇ ಹೆಚ್ಚು ಕಾಲದ ಬಾಳುವೆ ಇರುವುದೆಂದು ನಾವು ಎಣಿಸುತ್ತೇವೆ. ಹಾಗೆ ಉಳಿಯುವುದಾದರೆ ಅದು ಉಳಿಯುವುದು ಮನೆಯಲ್ಲಿ. ಮನೆಯಲ್ಲಿ ಗಂಡಸೊಬ್ಬನೇ ಇರುವುದಿಲ್ಲ. ೧೯೯೩ರಲ್ಲಿ ಅಮೆರಿಕಾದ ವೈದ್ಯ ಆರ್ಥರ್ ಕೆಲ್ಲರ್‌ಮನ್ ಮತ್ತು ಸಂಗಡಿಗರು, ಮನೆಯೊಳಗೆ ನಡೆದ ಕೊಲೆಗಳನ್ನು ಪರಿಶೀಲಿಸಿ, ಕೋವಿಯಿರುವ ಮನೆಯಲ್ಲಿ ಕೊಲೆಯ ಸಂಭವವು ಇಲ್ಲದ ಮನೆಗಿಂತ ೨.೭ ಪಟ್ಟು ಹೆಚ್ಚೆಂದು ಪ್ರಕಟಿಸಿದರು. ಕೊಂದವರು ಬಹುಮಟ್ಟಿಗೆ ಮನೆಯವರೋ ಪರಿಚಿತರೋ ಆಗಿದ್ದರು. ಆ ಎಣಿಕೆಯ ರೀತಿಯನ್ನು ಆಕ್ಷೇಪಿಸಿದವರೂ ಇರುವರು. ಆದರೆ ಕೋಪವೂ ಕುಡಿತವೂ ಬೇಸರವೂ ಹೊಕ್ಕುಬರುವ ಮನೆಯಲ್ಲಿ, ಬೆರಳೊಂದನ್ನೇ ಕಾಯುತ್ತ ಕುಳಿತ ಯಂತ್ರವಿರುವುದು ಎಂತಹುದೆಂಬುದನ್ನು ಅರಿಯಲು ಎಣಿಕೆಯೇ ಬೇಕಾಗಿಲ್ಲ.

ಬಹುತೇಕ ರಿವಾಲ್ವರುಗಳಲ್ಲಿ ಪಿಸ್ತೂಲುಗಳಲ್ಲಿರುವಂತಹ ಕೈಯಿಂದ ಹಾಕುವ ತಡೆ ಇರುವುದಿಲ್ಲ. ಕುದುರೆಯ ಗಡುಸೇ ಅದರ ತಡೆಯೆನ್ನುವರು. ಎರಡು ಕೈಗಳ ಹೆಬ್ಬೆರಳುಗಳನ್ನೂ ಸೇರಿಸಿ ಒತ್ತುವ ಮಗುವಿಗೆ ಆ ಗಡುಸು ತಡೆಯೇ ಅಲ್ಲ. ಹಳೆಯ ಕಾಲದ ಕೋಲ್ಟ್ ಮಾದರಿಗಳಲ್ಲಿ ಸುತ್ತಿಗೆಯ ಮೊನೆಯು ತೋಟಾದ ಮೇಲೆಯೇ ಕುಳಿತಿರುತ್ತಿದ್ದುದರಿಂದ, ಕೆಳಗೆ ಬಿದ್ದರೂ ಗುಂಡು ಹಾರುತ್ತಿತ್ತು. ತಿಳಿದವರು ಒಂದು ಗೂಡನ್ನು ಖಾಲಿ ಬಿಟ್ಟು ಐದನ್ನೇ ತುಂಬುತ್ತಿದ್ದರು. ರೂಗರ್ ಕಂಪನಿಯು ೧೯೭೩ರಲ್ಲಿ ಆ ಬಗೆಯ ತನ್ನ ರಿವಾಲ್ವರುಗಳಿಗೆ, ಕುದುರೆಯನ್ನು ಪೂರ್ತಿ ಎಳೆದ ಹೊರತು ಸುತ್ತಿಗೆಯ ಪೆಟ್ಟು ತೋಟಾವನ್ನು ಮುಟ್ಟದಂತೆ ಮಾಡುವ ಉಕ್ಕಿನ ಪಟ್ಟಿಯೊಂದನ್ನು ಅಳವಡಿಸಿತು. ಅಜ್ಜನ ಕಾಲದ ರಿವಾಲ್ವರನ್ನು ಲೈಸೆನ್ಸಿನೊಡನೆ ಪಡೆದಿರುವ ಮನೆಯವರು ತಮ್ಮದು ಎಂತಹುದೆಂದು ಬಲ್ಲವರಿಂದ ನೋಡಿಸಿಕೊಳ್ಳುವುದು ಅವಶ್ಯ.

ಒಂದು ವಿಷಯದಲ್ಲಿ ಮಾತ್ರ ಮನೆಗೆ ರಿವಾಲ್ವರೇ ಮೇಲೆಂದು ನಾವು ನಿಸ್ಸಂದೇಹವಾಗಿ ಹೇಳಬಲ್ಲೆವು. ಪಿಸ್ತೂಲಿನ ಮ್ಯಾಗಜೀನನ್ನು ಹೊರತೆಗೆದ ಮೇಲೆಯೂ ನಳಿಗೆಯೊಳಗೆ ಒಂದು ತೋಟಾ ಕಣ್ಣಿಗೆ ಕಾಣದೆ ಉಳಿದಿರಬಹುದು. ಖಾಲಿಯೆಂದು ತಿಳಿದು ಕುದುರೆಯನ್ನು ಎಳೆದು ಪ್ರಾಣ ಕಳೆದವರೂ ಕಳೆದುಕೊಂಡವರೂ ಉಂಟು. ರಿವಾಲ್ವರಿನ ಉರುಳೆಯನ್ನು ತೆರೆದರೆ ಎಲ್ಲ ಗೂಡುಗಳೂ ಒಂದೇ ನೋಟಕ್ಕೆ ಕಾಣುವುವು. ಆಯುಧವನ್ನು ಎಂದೂ ಮುಟ್ಟದ ಗೃಹಿಣಿಯೂ ನೋಡಿ ತಿಳಿಯಬಲ್ಲಳು. ತೆರೆದ ಉರುಳೆ ಮುಚ್ಚದಂತೆ ಅದರ ಒಡಲೊಳಗೆ ಒಂದು ಬೀಗವನ್ನು ತೂರಿಸಿ ಪೆಟ್ಟಿಗೆಯಲ್ಲಿಟ್ಟು, ತೋಟಾಗಳನ್ನು ಇನ್ನೊಂದು ಪೆಟ್ಟಿಗೆಯಲ್ಲಿ ಇನ್ನೊಂದು ಬೀಗಕ್ಕೆ ಒಪ್ಪಿಸಬೇಕು. ಹಾಗಿಟ್ಟರೆ ಆಪತ್ತಿಗೆ ಒದಗುವುದು ಹೇಗೆಂದು ಯಜಮಾನನು ಕೇಳುವನು. ಆ ಎರಡು ಬೀಗದ ಕೈಗಳು ಯಾರ ಬಳಿ ಇರಬೇಕೆಂಬುದನ್ನು ಗಂಡಹೆಂಡಿರು ಕುಳಿತು, ಲೈಸೆನ್ಸಿಗೆ ಅರ್ಜಿ ಬರೆಯುವುದಕ್ಕೆ ಮೊದಲೇ ಮಾತನಾಡಿಕೊಳ್ಳತಕ್ಕದ್ದು.